ನಿಮಗಿದು ಗೊತ್ತೇ? – ಮೂಕಿ ಕಾಲದ ಕೋಣೆಯಾಟ

ಜರ್ಮನಿಯ ಮೂಕಿ ಚಿತ್ರ ಎಂದೊಡನೆ ಸೊಟ್ಟ ಗೋಡೆ, ಚೂಪು ನೆರಳು, ರಕ್ತಪಿಶಾಚಿ ಕಣ್ಣಿಗೆ ಬರುತ್ತವೆ. ಅದೇ ಹೊತ್ತಿಗೆ ಅಲ್ಲಿ ದೆವ್ವವಿಲ್ಲದ ಚಿತ್ರಗಳೂ ಬಂದವು: ಒಂದೆರಡು ಕೋಣೆ, ಮೂರ್ನಾಲ್ಕು ಬಡಪಾಯಿಗಳು. ಪಾತ್ರಗಳಿಗೆ ಹೆಸರೂ ಇಲ್ಲ. ಕೆಲಸದವಳು, ಅಂಚೆಯವನು, ಅಷ್ಟೇ. ಇವೇ ‘ಕಾಮರ್‌ಶ್ಪೀಲ್’, ಕೋಣೆಯಾಟ.

ಆ ಹೆಸರು ನಾಟಕದವರದು. 1906ರಲ್ಲಿ ಮ್ಯಾಕ್ಸ್ ರೈನ್‌ಹಾರ್ಟ್ ಬರ್ಲಿನ್ನಿನಲ್ಲಿ ತೆರೆದ ಪುಟ್ಟ ರಂಗಮಂದಿರ ‘ಕಾಮರ್‌ಶ್ಪೀಲೆ’. ಮೊದಲ ಪ್ರಯೋಗ ಇಬ್ಸೆನ್ನನ ‘ಘೋಸ್ಟ್ಸ್’. ರಂಗಸಜ್ಜಿಕೆಗೆ ಚಿತ್ರ ಬರೆದುಕೊಟ್ಟವನು ಚಿತ್ರಕಾರ ಎಡ್ವರ್ಡ್ ಮುಂಕ್!

ಸೊಟ್ಟ ಗೋಡೆಗಳ ಚಿತ್ರ ‘ಕ್ಯಾಲಿಗರಿ’ಯ ಕಥೆಗಾರರಲ್ಲಿ ಒಬ್ಬನಾದ ಕಾರ್ಲ್ ಮಾಯರನೇ ಈ ಕೋಣೆಯಾಟದ ಚಿತ್ರಗಳನ್ನೂ ಬರೆದ. ಲೂಪು ಪಿಕ್ ನಿರ್ದೇಶಿಸಿದ ‘ಶೆರ್ಬೆನ್’ (1921) ರೈಲು ಹಳಿ ಕಾಯುವವನ ಮನೆಯ ಕಥೆ. ಇಡೀ ಚಿತ್ರದಲ್ಲಿ ತೆರೆಯ ಮೇಲೆ ಬರುವ ಮಾತಿನ ಫಲಕ ಒಂದೇ: ಕೊನೆಯಲ್ಲಿ ರೈಲು ನಿಲ್ಲಿಸಿ, ತಾನು ಕೊಲೆಗಾರನೆಂದು ಆತ ಒಪ್ಪಿಕೊಳ್ಳುವುದು.

ಅದೇ ವರ್ಷದ ‘ಹಿಂಟರ್‌ಟ್ರೆಪ್ಪೆ’ಯಲ್ಲಿ ಅಂಚೆಯವನು ಕೆಲಸದ ಹುಡುಗಿಗೆ ಬರುವ ಪ್ರಿಯಕರನ ಕಾಗದಗಳನ್ನು ಮುಚ್ಚಿಡುತ್ತಾನೆ. ಅವಳ ಸಂಕಟ ನೋಡಲಾರದೆ ಪ್ರಿಯಕರನ ಹೆಸರಿನಲ್ಲಿ ತಾನೇ ಒಂದು ಬರೆಯುತ್ತಾನೆ. ಪಾಪಿಯೋ, ಪಾಪವೋ ಹೇಳುವುದು ಕಷ್ಟ.

ಮುರ್ನೌ ನಿರ್ದೇಶಿಸಿದ ‘ದೆರ್ ಲೆಟ್ಸ್ಟೆ ಮಾನ್’ (1924) ಎಲ್ಲಕ್ಕಿಂತ ಹೆಸರಾದದ್ದು. ದೊಡ್ಡ ಹೋಟೆಲಿನ ಮುದಿ ದ್ವಾರಪಾಲಕ ಮಳೆಯಲ್ಲಿ ಭಾರದ ಪೆಟ್ಟಿಗೆ ಹೊತ್ತು, ಸುಸ್ತಾಗಿ ಒಂದು ಗಳಿಗೆ ಕೂರುತ್ತಾನೆ. ಮ್ಯಾನೇಜರನ ಕಣ್ಣಿಗೆ ಬಿತ್ತು, ಕೆಲಸ ಹೋಯಿತು. ಮರುದಿನ ಸಿಕ್ಕಿದ್ದು ಶೌಚಾಲಯದಲ್ಲಿ ಟವೆಲ್ ಹಿಡಿದು ನಿಲ್ಲುವ ಕೆಲಸ. ವಠಾರದಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ದ್ವಾರಪಾಲಕನ ಗುಂಡಿ ಕೋಟಿಗೆ ಸಂದದ್ದು. ಅದಕ್ಕೇ ರಾತ್ರಿ ಕೋಟನ್ನು ಕದ್ದು, ತೊಟ್ಟು ಮನೆಗೆ ಹೋಗುತ್ತಾನೆ. ಬೆಳಿಗ್ಗೆ ಅದನ್ನು ರೈಲು ನಿಲ್ದಾಣದ ಸಾಮಾನು ಕೋಣೆಯಲ್ಲಿಟ್ಟು ಶೌಚಾಲಯಕ್ಕೆ ಇಳಿಯುತ್ತಾನೆ. ಗುಟ್ಟು ರಟ್ಟಾದಾಗ ವಠಾರವೆಲ್ಲ ನಕ್ಕಿತು. ಮುದುಕನಾಗಿ ನಟಿಸಿದ ಎಮಿಲ್ ಯಾನಿಂಗ್ಸ್‌ನ ಬೆನ್ನನ್ನಷ್ಟೇ ನೋಡಿದರೂ ಸಾಕು, ಕೋಟು ಇದೆಯೋ ಇಲ್ಲವೋ ತಿಳಿಯುತ್ತದೆ.

ಇದರಲ್ಲೂ ಫಲಕ ಒಂದೇ, ಅದೂ ಲೇಖಕನ ತಪ್ಪೊಪ್ಪಿಗೆಯಂಥದು: ಬದುಕಿನಲ್ಲಿ ಇವನಿಗೆ ಸಾವೇ ಗತಿ, ಕನಿಕರಪಟ್ಟು ಬೇರೆ ಕೊನೆ ಕೊಡುತ್ತಿದ್ದೇನೆ ಎಂದು. ಮುದುಕನಿಗೆ ಒಬ್ಬ ಕೋಟ್ಯಧೀಶನ ಆಸ್ತಿ ಬರುತ್ತದೆ. ನನಗಂತೂ ಅದು ಅಣಕದಂತೆಯೇ ಕಾಣುತ್ತದೆ.

ಮುದುಕ ಕುಡಿದು ತೂರಾಡುವಾಗ ಕೋಣೆಯೂ ತೂರಾಡಬೇಕಿತ್ತು. ಛಾಯಾಗ್ರಾಹಕ ಕಾರ್ಲ್ ಫ್ರಾಯಂಡ್ ಕ್ಯಾಮೆರಾವನ್ನು ಎದೆಗೆ ಕಟ್ಟಿಕೊಂಡು ತಾನೇ ತೂರಾಡಿದ. ಶೂಟಿಂಗ್ ನೋಡಿದವರಲ್ಲಿ ಆಗ ಅದೇ ಸ್ಟುಡಿಯೋದಲ್ಲಿ ಬೇರೆ ಚಿತ್ರಕ್ಕೆ ದುಡಿಯುತ್ತಿದ್ದ ಇಂಗ್ಲೆಂಡಿನ ಹುಡುಗನೊಬ್ಬನಿದ್ದ, ಆಲ್‌ಫ್ರೆಡ್ ಹಿಚ್‌ಕಾಕ್. ಫ್ರಾಯಂಡ್ ಮುಂದೆ ಅಮೆರಿಕಕ್ಕೆ ಹೋಗಿ, 1951ರಲ್ಲಿ ಶುರುವಾದ ಟಿವಿ ಹಾಸ್ಯ ಧಾರಾವಾಹಿ ‘ಐ ಲವ್ ಲೂಸಿ’ಗೆ ಛಾಯಾಗ್ರಾಹಕನಾದ. ಅಲ್ಲೂ ಒಂದು ಮನೆ, ನಾಲ್ಕು ಜನ!