ದಿನಕ್ಕೆ 600 ಗುಟುಕು

ಬೆಂಗಳೂರಿಗೆ ದಿನಕ್ಕೆ ಎಷ್ಟು ಕಾವೇರಿ ನೀರು ಬರುತ್ತದೆ ಎಂಬ ಲೆಕ್ಕ ಜಲಮಂಡಳಿಯಲ್ಲಿ ಸಿಗುತ್ತದೆ. ಈ ಊರು ದಿನಕ್ಕೆ ಎಷ್ಟು ಸಲ ನುಂಗುತ್ತದೆ ಎಂಬ ಲೆಕ್ಕವನ್ನು ಮಾತ್ರ ಯಾವ ಮಂಡಳಿಯೂ ಇಟ್ಟಿಲ್ಲ. ನಾವೇ ಹಾಕಿ ನೋಡೋಣ. ಮನುಷ್ಯ 24 ಗಂಟೆಯಲ್ಲಿ ಸರಾಸರಿ 585 ಸಲ ನುಂಗುತ್ತಾನೆ ಎಂದು 1965ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಅದನ್ನು 600 ಎಂದಿಟ್ಟುಕೊಳ್ಳಿ. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ. ಈಗ ಎಷ್ಟೋ ಹೆಚ್ಚಾಗಿದೆ, ಆ ಹಳೆಯ ಸಂಖ್ಯೆಯಿಂದಲೇ ಗುಣಿಸಿದರೂ ದಿನಕ್ಕೆ 504 ಕೋಟಿ ಗುಟುಕು. ಅದರಲ್ಲಿ ಊಟ ತಿಂಡಿಯ ಪಾಲು ಕಡಿಮೆ. ಉಳಿದದ್ದೆಲ್ಲ ಬರೀ ಎಂಜಲು. ಬಸ್ಸಿಗೆ ಕಾಯುವಾಗ, ಟಿವಿ ನೋಡುವಾಗ, ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ನಮಗೇ ಗೊತ್ತಾಗದಂತೆ ಇಳಿದುಹೋದದ್ದು.

ಒಂದೇ ಒಂದು ಗುಟುಕನ್ನು ಹಿಡಿದು ನೋಡಿದರೆ ಇನ್ನೂ ಸೋಜಿಗ. ತುತ್ತು ಗಂಟಲು ದಾಟಲು ಬೇಕಾದ ಸಮಯ ಹೆಚ್ಚೆಂದರೆ ಒಂದು ಸೆಕೆಂಡು. ಅಷ್ಟರಲ್ಲಿ 30ಕ್ಕೂ ಹೆಚ್ಚು ಸ್ನಾಯುಗಳು ಸರದಿ ತಪ್ಪದೆ ಕೆಲಸ ಮಾಡಬೇಕು. ಮಿದುಳಿನಿಂದ ನೇರವಾಗಿ ಹೊರಡುವ 12 ಜೋಡಿ ನರಗಳಲ್ಲಿ ಕನಿಷ್ಠ 5 ಜೋಡಿ ಇದಕ್ಕೆ ಕೈಜೋಡಿಸಬೇಕು. ಧ್ವನಿಪೆಟ್ಟಿಗೆ ಮೇಲೇರುತ್ತದೆ, ಅದರ ಮುಚ್ಚಳ ಬಾಗುತ್ತದೆ, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ, ಅನ್ನನಾಳದ ಬಾಯಿ ತೆರೆದುಕೊಳ್ಳುತ್ತದೆ. ಆ ಹೊತ್ತು ಉಸಿರು ನಿಂತಿರುತ್ತದೆ, ಅರ್ಧದಿಂದ ಒಂದು ಸೆಕೆಂಡಿನಷ್ಟು. ದಿನಕ್ಕೆ 600 ಸಲ ಎಂದರೆ 5ರಿಂದ 10 ನಿಮಿಷ. 70 ವರ್ಷ ಬದುಕಿದವರು ಬರೀ ನುಂಗುವುದಕ್ಕೆಂದೇ ಒಟ್ಟು ಮೂರರಿಂದ ಆರು ತಿಂಗಳು ಉಸಿರು ಬಿಗಿಹಿಡಿದಿರುತ್ತಾರೆ! ಗುಟುಕಿನ ಲೆಕ್ಕದಲ್ಲಿ ಅದು ಒಂದೂವರೆ ಕೋಟಿ. ಇಷ್ಟರಲ್ಲಿ ಒಂದೆರಡು ತಪ್ಪಿ ನೆತ್ತಿಗೆ ಹತ್ತಿದಾಗ ಅಜ್ಜಿ ನೆತ್ತಿ ತಟ್ಟಿ, ಯಾರೋ ನೆನೆಸಿಕೊಂಡರು ಅಂತ ಸಮಾಧಾನ ಹೇಳುತ್ತಾಳೆ. ತಪ್ಪದೇ ಹೋದ ಒಂದೂವರೆ ಕೋಟಿಯನ್ನು ಯಾರೂ ನೆನೆಸಿಕೊಳ್ಳುವುದಿಲ್ಲ.

ನುಂಗುವುದನ್ನು ಒಂದು ಕಲೆಯನ್ನಾಗಿ ಮಾಡಿಕೊಂಡ ಸೀಮೆ ನಮ್ಮದು. ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ರಾಮನಗರ, ಮಂಡ್ಯ. ಪೂರ್ತಿ ಮುದ್ದೆಯ ರಾಜ್ಯ. ಆ ಕಡೆಯಿಂದ ಬಂದು ವಿಜಯನಗರ, ಬಸವೇಶ್ವರನಗರಗಳಲ್ಲಿ ನೆಲೆಸಿದವರ ಮನೆಗಳಲ್ಲಿ ಇವತ್ತಿಗೂ ಮಧ್ಯಾಹ್ನಕ್ಕೆ ಮುದ್ದೆ, ಬಸ್ಸಾರು. ಮುದ್ದೆಗೆ ಹಲ್ಲು ತಾಗಿಸುವ ಹಾಗಿಲ್ಲ. ಚೂರು ಮುರಿದು, ಬೆರಳ ತುದಿಯಲ್ಲೇ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ನಾಲಿಗೆಯ ಹಿಂದಕ್ಕೆ ಜಾರಿಸಿದರೆ ಆಯಿತು. ಅಗಿಯುವ ಹಂತವನ್ನೇ ಬಿಟ್ಟು, ಮೇಲೆ ಹೇಳಿದ ಆ ಒಂದು ಸೆಕೆಂಡಿನ ಮೇಲೆ ಪೂರ್ತಿ ಭಾರ ಹಾಕಿದ ಊಟ ಇದು. ಅಂಟಿಕೊಳ್ಳುವ ಈ ಉಂಡೆ ಅರವತ್ತು ವರ್ಷ ಸಲೀಸಾಗಿ ಇಳಿದಿದ್ದರೆ ಅದು ಗಂಟಲಿನ ದೊಡ್ಡತನ.

ಹಾಗೆ ಉಂಡವರಿಗೇ ಒಂದು ದಿನ ಲಕ್ವ ಹೊಡೆಯುತ್ತದೆ. ಕೈಕಾಲು ಬಿದ್ದದ್ದು ಎಲ್ಲರಿಗೂ ಕಾಣುತ್ತದೆ; ಗಂಟಲು ಬಿದ್ದದ್ದು ಮೊದಲ ಲೋಟ ನೀರು ಕುಡಿಸಿದಾಗ ಗೊತ್ತಾಗುತ್ತದೆ. ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ನುಂಗುವ ತೊಂದರೆ ಇರುತ್ತದೆ. ಅಲ್ಲಿಂದ ಮನೆಯವರೆಲ್ಲ ಲೆಕ್ಕಿಗರು. ದಿನಕ್ಕೆ ಒಂದೂವರೆ ಲೀಟರ್ ದ್ರವವಾದರೂ ಒಳಗೆ ಹೋಗಬೇಕು. 5 ಮಿಲಿಯ ಟೀ ಚಮಚದಲ್ಲಿ ಕುಡಿಸಿದರೆ 300 ಚಮಚ. ಒಂದೊಂದಕ್ಕೆ ಅರ್ಧ ನಿಮಿಷ ಹಿಡಿದರೂ ಎರಡೂವರೆ ಗಂಟೆ, ಅದೂ ಊಟ ಬಿಟ್ಟು. ಇಂಥ ಮನೆಗಳಲ್ಲಿ ಸೊಸೆ ಚಮಚ ಹಿಡಿದು ಕೂತು, "ಮಾವ, ಗದ್ದ ಕೆಳಗೆ ಮಾಡಿ. ಹಾಂ, ಈಗ ನುಂಗಿ. ಇನ್ನೊಂದ್ಸಲ ನುಂಗಿ" ಎನ್ನುತ್ತಿರುತ್ತಾಳೆ. ಗದ್ದವನ್ನು ಎದೆಯ ಕಡೆ ತಂದರೆ ಕೆಲವರಿಗೆ ಶ್ವಾಸನಾಳದ ಕಡೆ ಜಾರುವುದು ತಪ್ಪುತ್ತದೆ. ಎಲ್ಲರಿಗೂ ಅಲ್ಲ. ಯಾರಿಗೆ ಸರಿ ಎಂದು ನೋಡಿ ಹೇಳಬೇಕಾದವರು ಸ್ಪೀಚ್ ಥೆರಪಿಸ್ಟ್. ಮಾತು ಕಲಿಸುವವರಿಗೂ ನುಂಗುವುದಕ್ಕೂ ಏನು ಸಂಬಂಧ ಎಂದು ಮನೆಯವರು ಕೇಳುವುದುಂಟು. ಮಾತಿಗೂ ತುತ್ತಿಗೂ ಇರುವುದು ಅದೇ ನಾಲಿಗೆ, ಅದೇ ಗಂಟಲು. 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿಂದ ಕಲಿತು ಬಂದವರು ಈಗ ಬೆಂಗಳೂರಿನ ಎಷ್ಟೋ ಆಸ್ಪತ್ರೆಗಳಲ್ಲಿದ್ದಾರೆ.

ಅವರು ಹೇಳುವ ಮೊದಲ ಮಾತೇ ಮನೆಯವರನ್ನು ಬೆಚ್ಚಿಬೀಳಿಸುತ್ತದೆ. ಇಂಥ ಗಂಟಲಿಗೆ ನೀರಿಗಿಂತ ಹೆಚ್ಚು ಅಪಾಯದ್ದು ಸಿಗುವುದು ಕಡಿಮೆ. ನೀರು ನಾಲಿಗೆಯಿಂದ ಓಡಿಬಿಡುತ್ತದೆ, ನಿಧಾನವಾದ ಗಂಟಲು ಬಾಗಿಲು ಹಾಕುವ ಮೊದಲೇ ಶ್ವಾಸನಾಳಕ್ಕೆ ಇಳಿದಿರುತ್ತದೆ. ಕೆಲವರಲ್ಲಿ ಕೆಮ್ಮೂ ಬರುವುದಿಲ್ಲ; ನಾಲ್ಕು ದಿನದ ಮೇಲೆ ಜ್ವರ, ನ್ಯುಮೋನಿಯಾ. ಆದರೆ ಮನೆಯವರ ಪ್ರೀತಿ ಸರಿಯಾಗಿ ಉಲ್ಟಾ ಕೆಲಸ ಮಾಡುತ್ತದೆ: ಪಾಪ, ಕಷ್ಟಪಡುತ್ತಾರೆ ಎಂದು ರಾಗಿ ಗಂಜಿಗೆ ಇನ್ನಷ್ಟು ನೀರು ಬೆರೆಸುತ್ತಾರೆ. ಬೇಕಾದದ್ದು ಗಟ್ಟಿ ಗಂಜಿ. ಎಷ್ಟು ಗಟ್ಟಿ ಎಂಬುದಕ್ಕೆ ಒಂದು ಅಂತರರಾಷ್ಟ್ರೀಯ ಮಾಪನವಿದೆ, ಹೆಸರು ಐಡಿಡಿಎಸ್ಐ, 0ಯಿಂದ 7ರವರೆಗೆ 8 ಮೆಟ್ಟಿಲು. ಇದರ ಪ್ರಯೋಗಾಲಯ ನಿಮ್ಮ ಅಡುಗೆಮನೆಯ ಕಟ್ಟೆಯೇ. ಮೆಡಿಕಲ್ ಸ್ಟೋರಿನಿಂದ 10 ಮಿಲಿ ಸಿರಿಂಜು ತನ್ನಿ; ಸೊನ್ನೆಯಿಂದ ಹತ್ತರ ಗೆರೆಯವರೆಗೆ 61.5 ಮಿಲಿಮೀಟರ್ ಉದ್ದ ಇರಬೇಕು. ಒತ್ತುಗಡ್ಡಿ ತೆಗೆದು, ತುದಿಗೆ ಬೆರಳು ಹಿಡಿದು, ಗಂಜಿ ತುಂಬಿ, ಬೆರಳು ಬಿಟ್ಟು 10 ಸೆಕೆಂಡು ಎಣಿಸಿ ಮತ್ತೆ ಮುಚ್ಚಿ. ಒಳಗೆ 1 ಮಿಲಿಯೂ ಉಳಿಯದಿದ್ದರೆ ಅದು ನೀರಿಗೆ ಸಮ, ಸೊನ್ನೆ. 1ರಿಂದ 4 ಮಿಲಿ ಉಳಿದರೆ ಒಂದನೇ ಮೆಟ್ಟಿಲು, 4ರಿಂದ 8 ಉಳಿದರೆ ಎರಡು, 8ಕ್ಕಿಂತ ಹೆಚ್ಚಾದರೆ ಮೂರು. ಹನಿಯೂ ಬೀಳದಿದ್ದರೆ ನಾಲ್ಕು. ಬಿಸಿ ಗಂಜಿಯನ್ನು ಅಳೆದು ಆರಿದ ಮೇಲೆ ಕುಡಿಸುವ ಹಾಗಿಲ್ಲ, ಆರುತ್ತಾ ರಾಗಿ ಗಟ್ಟಿಯಾಗುತ್ತದೆ. ಬಾಯಿಗೆ ಹೋಗಿ ಬಂದ ಚಮಚವನ್ನು ಮತ್ತೆ ಮತ್ತೆ ಲೋಟಕ್ಕೆ ಅದ್ದಿದರೆ ಇನ್ನೊಂದು ಚಮತ್ಕಾರ: ಚಮಚಕ್ಕೆ ಹತ್ತಿದ ಎಂಜಲು ಹಿಟ್ಟಿನ ಪಿಷ್ಟವನ್ನು ಕರಗಿಸಿ, ಲೋಟದ ತಳ ಮುಟ್ಟುವ ಹೊತ್ತಿಗೆ ಗಂಜಿ ನೀರಾಗಿರುತ್ತದೆ.

ಗಂಜಿಯೂ ಇಳಿಯದವರಿಗೆ ಮೂಗಿನಿಂದ ಪೈಪ್. ಇಂಗ್ಲೆಂಡಿನ ವೈದ್ಯ ಜಾನ್ ರೈಲ್ 1921ರಲ್ಲಿ ಬಳಕೆಗೆ ತಂದದ್ದು. ನೂರು ವರ್ಷವಾದರೂ ರೈಲ್ಸ್ ಟ್ಯೂಬ್ ಎಂದೇ ಕರೆಯುತ್ತಾರೆ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಎರಡು ಗಂಟೆಗೊಮ್ಮೆ 200 ಮಿಲಿ ಎಂದರೆ 9 ಸರದಿ, 50 ಮಿಲಿಯ ಸಿರಿಂಜಿನಲ್ಲಿ ದಿನಕ್ಕೆ 36 ಸಲ, ತಿಂಗಳಿಗೆ 1080. ತಲೆ ಎತ್ತರಿಸಿ ಕೂರಿಸುವುದು, ಕೊನೆಯಲ್ಲಿ ನೀರು ಹಾಕಿ ಪೈಪ್ ತೊಳೆಯುವುದು ಬೇರೆ.

ಗಂಟಲು ನೆಟ್ಟಗಿದ್ದೂ ತುತ್ತು ಎದೆಯಲ್ಲೇ ನಿಲ್ಲುವವರಿದ್ದಾರೆ. ಅನ್ನನಾಳದ ಉದ್ದ ಸುಮಾರು 25 ಸೆಂಟಿಮೀಟರ್, ತುತ್ತಿಗೆ 8ರಿಂದ 10 ಸೆಕೆಂಡಿನ ದಾರಿ. ಅದರ ಕೆಳಬಾಗಿಲು ಸಡಿಲವಾಗದಿದ್ದರೆ ಅಕಲೇಸಿಯಾ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ ಎನ್ನುತ್ತಾರೆ. ಆ ಲೆಕ್ಕದಲ್ಲಿ 84 ಲಕ್ಷದ ಬೆಂಗಳೂರಿನಲ್ಲಿ ವರ್ಷಕ್ಕೆ 84 ಜನ. ಇವರಲ್ಲಿ ಹಲವರು ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ ಮೇಲೆಯೇ ನಿಜ ತಿಳಿಯುವುದು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ ಇಂಥ ರೋಗಿಗೆ ತಿಮಿಂಗಿಲದ ಎಲುಬಿನ ತುದಿಗೆ ಸ್ಪಂಜು ಕಟ್ಟಿಕೊಟ್ಟದ್ದನ್ನು 1674ರಲ್ಲಿ ಬರೆದಿಟ್ಟ. ಆ ರೋಗಿ 15 ವರ್ಷ ಪ್ರತಿ ಊಟವನ್ನೂ ಅದರಿಂದಲೇ ಕೆಳಕ್ಕೆ ತಳ್ಳಿಕೊಂಡು ಬದುಕಿದ. ಜಪಾನಿನ ಹರುಹಿರೊ ಇನೋವೆ 2008ರಲ್ಲಿ ಬಾಯಿಯಿಂದಲೇ ಎಂಡೋಸ್ಕೋಪ್ ಇಳಿಸಿ ಆ ಬಿಗಿ ಸ್ನಾಯುವನ್ನು ಕತ್ತರಿಸಿದರು.

ಇನ್ನು ಕೆಳಗಿನ ಕರುಳಿನ ವಿಷಯ. ದಿನಕ್ಕೆ 8–9 ಲೀಟರ್ ದ್ರವ ಅಲ್ಲಿಗೆ ಹರಿದು ಬರುತ್ತದೆ. ನಾವು ಕುಡಿದದ್ದು ಎರಡು ಲೀಟರ್, ಉಳಿದದ್ದು ದೇಹವೇ ಸುರಿದ ಎಂಜಲು, ಜಠರರಸ, ಪಿತ್ತ. ಹೊರಗೆ ಹೋಗುವುದು ಲೋಟದಷ್ಟೂ ಇಲ್ಲ. ಜೀರ್ಣನಾಳದ ಒಳಮೈ ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದು. ನಮ್ಮ ಲೆಕ್ಕದಲ್ಲಿ ಎರಡು 30–40 ಸೈಟಿಗಿಂತ ಜಾಸ್ತಿ. 2014ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಮತ್ತೆ ಅಳೆದು 32 ಚದರ ಮೀಟರ್ ಎಂದರು. ಅಂದರೆ 20–30 ಸೈಟಿನ ಅರ್ಧಕ್ಕಿಂತ ತುಸು ಹೆಚ್ಚು. ರಾಜಾಜಿನಗರದಲ್ಲಿ ಅಷ್ಟೇ ಜಾಗದಲ್ಲಿ ಒಂದು ಸಂಸಾರ ನಡೆಯುತ್ತದೆ, ಹಾಗಾಗಿ ನನಗಂತೂ ಈ ಚಿಕ್ಕ ಅಂಕಿಯೇ ಹೆಚ್ಚು ಅಚ್ಚರಿಯದ್ದು.

ಜೀರ್ಣನಾಳದ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಹೊಟ್ಟೆಯನ್ನೂ ಮಿದುಳನ್ನೂ ಜೋಡಿಸುವ ವೇಗಸ್ ನರದ ನೂರು ಎಳೆಗಳಲ್ಲಿ ಸುಮಾರು 80 ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು. ಅದರ ಒಂದು ಕವಲು ಕಿವಿಗೂ ಹೋಗಿದೆ. ಕಿವಿಗೆ ಬಡ್ಸ್ ಹಾಕಿದರೆ ಕೆಲವರಿಗೆ ಒಣ ಕೆಮ್ಮು ಬರುವುದು ಅದಕ್ಕೇ. ಬೆಳಗಿನ ಕಾಫಿ ಹೊಟ್ಟೆಗೆ ಬಿದ್ದ ಕೂಡಲೇ ಬಚ್ಚಲಿನ ಕಡೆ ಓಡಿಸುವುದು, ಊಟ ಮಾಡಿ ಎದ್ದ ವಯಸ್ಸಾದವರಿಗೆ ರಕ್ತದೊತ್ತಡ ಇಳಿದು ತಲೆ ಸುತ್ತುವುದು ಇದೇ ಮಾತುಕತೆಯ ಬೇರೆ ಬೇರೆ ರೂಪ. ಮಾತುಕತೆ ನಿಲ್ಲದೇ ಹೋದರೆ? ಅಮೆರಿಕದ ಚಾರ್ಲ್ಸ್ ಆಸ್ಬೋರ್ನ್‌ಗೆ 1922ರಲ್ಲಿ ಹಿಡಿದ ಬಿಕ್ಕಳಿಕೆ ಬಿಟ್ಟದ್ದು 1990ರಲ್ಲಿ. 68 ವರ್ಷ, ಅಂದಾಜು 43 ಕೋಟಿ ಬಿಕ್ಕು. ಅಷ್ಟು ಸಲ ಅವನನ್ನು ನೆನೆಸಿಕೊಳ್ಳುವವರು ಯಾರಿದ್ದರೋ.

ಮತ್ತೆ ಗಂಟಲಿಗೇ ಬರೋಣ. ಲಕ್ವ ಹೊಡೆದ ಗಂಟಲು ಬಹಳಷ್ಟು ಜನರಲ್ಲಿ ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ, ಕೈಗಿಂತ ಬೇಗ. ನುಂಗುವ ಹತೋಟಿ ಮಿದುಳಿನ ಎರಡೂ ಅರ್ಧಗಳಲ್ಲಿದೆ. ಒಂದು ಕಡೆ ಪೆಟ್ಟು ಬಿದ್ದರೆ ಪೆಟ್ಟಾಗದ ಕಡೆಯ ನುಂಗುವ ಜಾಗ ಹಿಗ್ಗುತ್ತದೆ ಎಂದು 1990ರ ದಶಕದಲ್ಲಿ ಮ್ಯಾಂಚೆಸ್ಟರಿನ ಶಹೀನ್ ಹಮ್ದಿ ಮತ್ತು ಜೊತೆಗಾರರು ತೋರಿಸಿಕೊಟ್ಟರು. ಆಗ ಸಿರಿಂಜಿನ ಗೆರೆ 8ರಿಂದ 4ಕ್ಕೆ, 4ರಿಂದ 1ಕ್ಕೆ ಇಳಿಯುತ್ತದೆ, ಮೆತ್ತನೆಯ ಅನ್ನ ಬರುತ್ತದೆ, ಇಡ್ಲಿ ಬರುತ್ತದೆ. ಹಳೇ ಮೈಸೂರು ಕಡೆಯ ಯಜಮಾನರ ಪ್ರಶ್ನೆ ಮಾತ್ರ ಒಂದೇ, "ಮುದ್ದೆ ಯಾವಾಗ?" ಐಡಿಡಿಎಸ್ಐ ಪಟ್ಟಿಯನ್ನು ಅದಕ್ಕೆಂದೇ ತಿರುವಿಹಾಕಿದೆ. ಅಗಿಯದೆ ನುಂಗುವುದಕ್ಕೆ ನಾಲ್ಕನೇ ಮೆಟ್ಟಿಲಿದೆ, ಆದರೆ ಅಲ್ಲಿ ಅಂಟು ಇರಕೂಡದು, ಗಂಟೂ ಇರಕೂಡದು. ಗಟ್ಟಿ ಆಹಾರಕ್ಕೆ ಏಳನೆಯದಿದೆ, ಅಲ್ಲಿ ಚೆನ್ನಾಗಿ ಅಗಿಯಬೇಕು. ಅಂಟೂ ಇರುವ, ಉಂಡೆಯೂ ಆಗಿರುವ, ಅಗಿಯಲೂಬಾರದ ನಮ್ಮ ಮುದ್ದೆಗೆ, ನಾನು ನೋಡಿದ ಮಟ್ಟಿಗೆ, ಎಂಟರಲ್ಲಿ ಒಂದು ಮೆಟ್ಟಿಲೂ ಸಿಗಲಿಲ್ಲ.