ಎಚ್.ಪಿ. ಆಮೇಲೆ ಕೇಳಿ, ಇಂಜಿನ್ನಿನ ಕಾಲು ಮೊದಲು ಅಳೆಯಿರಿ!

ಶಿರೂರು, ಉಪ್ಪುಂದ, ಗಂಗೊಳ್ಳಿ, ಮಲ್ಪೆ ಕಡೆಯ ನಾಡದೋಣಿ ಮೀನುಗಾರರಿಗೆ ಮಳೆಗಾಲ ಬಂತೆಂದರೆ ಎರಡು ಚಿಂತೆ. ಒಂದು ಕಡಲಿನದು, ಇನ್ನೊಂದು ಇಂಜಿನ್ನಿನದು. ಕಡಲು ಮನುಷ್ಯನ ಮಾತು ಕೇಳುವುದಿಲ್ಲ. ಇಂಜಿನ್ನಾದರೂ ಕೇಳಬೇಕಲ್ಲ?

ಹೊಸ ಇಂಜಿನ್ ಕೊಳ್ಳಲು ಹೊರಟ ದೋಣಿ ಮಾಲಿಕ ಅಂಗಡಿಯ ಮೆಟ್ಟಿಲು ಹತ್ತಿದೊಡನೆ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಎಚ್.ಪಿ. ಮಾರಾಯ್ರೆ?" ಅಂಗಡಿಯವರು ಹೇಳುತ್ತಾರೆ, ಇವನು ತಲೆಯಾಡಿಸುತ್ತಾನೆ. ಸಂಘದ ಸಾಲ, ಮನೆಯಾಕೆಯ ಬಳೆ ಎಲ್ಲ ಕೂಡಿಸಿ ಲಕ್ಷ ದಾಟುವ ವ್ಯವಹಾರ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಎಮ್ಮೆ ಕೊಳ್ಳುವಾಗ ಹಲ್ಲು ಎಣಿಸಿ, ಕೆಚ್ಚಲು ಮುಟ್ಟಿ ನೋಡುವ ನಮ್ಮ ಜನ, ಪ್ರಾಣ ಒಪ್ಪಿಸುವ ಇಂಜಿನ್ನನ್ನು ಮಾತ್ರ ಬಣ್ಣ ನೋಡಿ ತರುತ್ತಾರೆ!

ಹತ್ತರ ಗೆರೆ

ಅಸಲಿಗೆ ಎಚ್.ಪಿ. ಪ್ರಶ್ನೆಯನ್ನು ಸರಕಾರವೇ ಅರ್ಧ ಬಗೆಹರಿಸಿದೆ. ಜೂನ್ 1 ರಿಂದ ಜುಲೈ 31 ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ, 10 ಅಶ್ವಶಕ್ತಿಗಿಂತ ಹೆಚ್ಚಿನ ಮೋಟಾರಿನ ದೋಣಿಯೂ ಕಡಲಿಗಿಳಿಯುವಂತಿಲ್ಲ. ನಾಡದೋಣಿಗೋ ಮಳೆಗಾಲವೇ ಸುಗ್ಗಿ. 15 ರ ಇಂಜಿನ್ ತಂದವನು ಸುಗ್ಗಿಯ ಹೊತ್ತಿಗೆ ಅದನ್ನು ಗೋಣಿಯಲ್ಲಿ ಸುತ್ತಿಟ್ಟು ಕೂರಬೇಕು. ಹಾಗಾಗಿ ಆಯ್ಕೆ 8 ಅಥವಾ 9.9, ಇಷ್ಟರೊಳಗೇ.

ಆದರೆ 9.9 ಎಂದು ಬರೆದದ್ದೆಲ್ಲ ಒಂದೇ ಅಲ್ಲ. ಕೆಲವು 8 ರ ಇಂಜಿನ್ನಿನದೇ ಮೈ, ಕೆಲವು 15 ರದೇ ಮೈ. ತೂಕ ಬೇರೆ, ಎಳೆತ ಬೇರೆ. ಇದನ್ನು ಕೇಳಿ ತಿಳಿದುಕೊಳ್ಳುವುದು ಕೊಳ್ಳುವವನ ಕೆಲಸ.

ಹೆಚ್ಚು ಎಚ್.ಪಿ. ಹಾಕಿದರೆ ಹೆಚ್ಚು ಓಟ ಎಂಬುದೂ ಒಂದು ಭ್ರಮೆ. ಖಾಲಿ ದೋಣಿ ನೀರಿನ ಮೇಲೆ ಜಾರಿಕೊಂಡು ಹೋದೀತು. ಬಲೆ, ಮೀನು, ಆರೇಳು ಜನ ತುಂಬಿದ ಮೇಲೆ ಅದು ನೀರು ಸೀಳಿಕೊಂಡೇ ಹೋಗಬೇಕು. ಆಗ ದೋಣಿಯ ಉದ್ದವೇ ಅದಕ್ಕೆ ಕಡಿವಾಣ. ನೀರಿಗೆ ತಾಗುವ ಉದ್ದ 25 ಅಡಿ ಇದ್ದರೆ ವೇಗ ಗಂಟೆಗೆ ಸುಮಾರು 6.7 ನಾಟಿಕಲ್ ಮೈಲಿ, ಅಂದರೆ 12 ಕಿ.ಮೀ. ಚಿಲ್ಲರೆ. ಅದರಾಚೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕು. ಎಣ್ಣೆ ದುಪ್ಪಟ್ಟು ಸುಟ್ಟರೂ ಓಟ ಏರುವುದು ಅಷ್ಟಕ್ಕಷ್ಟೇ.

ಕಾಲು ಗಿಡ್ಡವಾದರೆ

ಹಾಗಾದರೆ ನೋಡಬೇಕಾದದ್ದು ಏನು? ಮೊದಲನೆಯದು ಇಂಜಿನ್ನಿನ ಕಾಲು, ಅಂದರೆ ನೀರಿಗಿಳಿಯುವ ಶಾಫ್ಟಿನ ಉದ್ದ. ಸಾಮಾನ್ಯವಾಗಿ ಸಿಗುವುದು ಎರಡು: 15 ಇಂಚಿನ ಗಿಡ್ಡ, 20 ಇಂಚಿನ ಉದ್ದ. ಇಂಜಿನ್ ಕೂರಿಸುವ ಹಲಗೆಯ ಮೇಲ್ತುದಿಯಿಂದ ದೋಣಿಯ ತಳದವರೆಗೆ ಅಳೆಯಬೇಕು. ಫ್ಯಾನಿನ ಮೇಲುಗಡೆ ಒಂದು ಚಪ್ಪಟೆ ತಗಡಿನಂಥ ಭಾಗ ಇರುತ್ತದಲ್ಲ, ಅದು ದೋಣಿಯ ತಳಕ್ಕಿಂತ ಒಂದಿಂಚು ಕೆಳಗೆ ಬಂದರೆ ಸರಿ.

ಕಾಲು ಗಿಡ್ಡವಾದರೆ ಏನಾಗುತ್ತದೆ? ಅಲೆ ಹಿಂಭಾಗವನ್ನು ಎತ್ತಿದಾಗ ಫ್ಯಾನು ನೀರು ಬಿಟ್ಟು ಗಾಳಿ ಕಡೆಯುತ್ತದೆ. ಇಂಜಿನ್ ಅರಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಕಾಲು ಅತಿ ಉದ್ದವಾದರೋ, ಅಳಿವೆಯ ಮರಳಿಗೆ ಫ್ಯಾನು ಬಡಿಯುತ್ತದೆ. ಒಂದು ಅಳತೆ ಟೇಪಿನಿಂದ ಮುಗಿಯುವ ಕೆಲಸ ಇದು!

ಫ್ಯಾನಿನ ಲೆಕ್ಕ

ಎರಡನೆಯದು ಫ್ಯಾನು. ಅದರ ಮೇಲೆ ಎರಡು ಅಂಕೆ ಕೊರೆದಿರುತ್ತದೆ. ಒಂದು ಅಗಲ, ಇನ್ನೊಂದು ಪಿಚ್. ಮರಕ್ಕೆ ಸ್ಕ್ರೂ ತಿರುಗಿಸಿದಂತೆ ಒಂದು ಸುತ್ತಿಗೆ ಫ್ಯಾನು ಎಷ್ಟು ಇಂಚು ಮುಂದೆ ಹೋಗಬೇಕು ಎಂಬುದೇ ಪಿಚ್. ಹಗುರ ದೋಣಿಗೆ ಹೆಚ್ಚು ಪಿಚ್ ನಡೆಯುತ್ತದೆ. ತುಂಬಿದ ದೋಣಿಗೆ ಕಡಿಮೆ ಪಿಚ್ ಬೇಕು. ಬೆಟ್ಟ ಹತ್ತುವ ಲಾರಿಗೆ ಸಣ್ಣ ಗೇರು ಬೇಕಾದ ಹಾಗೆ.

ಪರೀಕ್ಷೆ ಸುಲಭ. ದೋಣಿಯಲ್ಲಿ ಬಲೆ, ಜನ ಎಲ್ಲ ತುಂಬಿಸಿ ಇಂಜಿನ್ನನ್ನು ಪೂರ್ತಿ ಬಿಟ್ಟು, ಕಂಪನಿಯ ಪುಸ್ತಕದಲ್ಲಿ ಹೇಳಿದಷ್ಟು ಸುತ್ತು ಬರುತ್ತದೋ ಇಲ್ಲವೋ ಎಂದು ಮೆಕ್ಯಾನಿಕನಿಂದ ಮೀಟರ್ ಹಿಡಿಸಿ ನೋಡಬೇಕು. ಬರದಿದ್ದರೆ ಫ್ಯಾನು ಬದಲಿಸಬೇಕು. ಒಂದಿಂಚು ಪಿಚ್ ಇಳಿಸಿದರೆ ನಿಮಿಷಕ್ಕೆ ಸುಮಾರು 200 ಸುತ್ತು ಏರುತ್ತದೆ. ಇದನ್ನು ನೋಡದೆ ಓಡಿಸಿದವನ ಇಂಜಿನ್ ದಿನವೂ ಏದುಸಿರು ಬಿಟ್ಟುಕೊಂಡೇ ದುಡಿಯುತ್ತದೆ, ಬೇಗ ಮೂಲೆ ಸೇರುತ್ತದೆ. ಸಾಲದ ಕಂತು ಮಾತ್ರ ಉಳಿಯುತ್ತದೆ.

ಸೀಮೆಎಣ್ಣೆಯೋ, ಪೆಟ್ರೋಲೋ?

ಸೀಮೆಎಣ್ಣೆ ಇಂಜಿನ್ನಿಗೆ ಎರಡು ಊಟ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತರಬೇಕು. ಮರೆತರೆ ಮರುದಿನ ಹಗ್ಗ ಎಳೆದು ಎಳೆದು ರಟ್ಟೆ ಬೀಳುತ್ತದೆ. ರಿಯಾಯಿತಿ ದರದ ಎಣ್ಣೆ ಹೊತ್ತಿಗೆ ಸರಿಯಾಗಿ ಕೈಗೆ ಬಂದರೆ ಮಾತ್ರ ಇದು ಲಾಭ. ಸೀಮೆಎಣ್ಣೆ ಬಿಟ್ಟು ಪೆಟ್ರೋಲಿಗೆ ಬದಲಾಗುವವರಿಗೆ ಸಹಾಯಧನ ಕೊಡುವ ಮಾತು 2023-24 ರ ರಾಜ್ಯ ಬಜೆಟಿನಲ್ಲೇ ಬಂದಿತ್ತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಬೇರೆ ಹೇಳಬೇಕಿಲ್ಲ.

ಪೆಟ್ರೋಲಿನಲ್ಲೂ ಎರಡು ಜಾತಿ. ಟೂ ಸ್ಟ್ರೋಕ್ ಹಗುರ, ಬಿಚ್ಚಿ ಕಟ್ಟುವುದು ಸುಲಭ, ಆದರೆ ಎಣ್ಣೆ ಹೆಚ್ಚು ಕುಡಿಯುತ್ತದೆ, ಆಯಿಲ್ ಬೆರೆಸುತ್ತಲೇ ಇರಬೇಕು. ಫೋರ್ ಸ್ಟ್ರೋಕ್ ಕಡಿಮೆ ಕುಡಿಯುತ್ತದೆ, ಹೊಗೆಯೂ ಕಡಿಮೆ. ಆದರೆ ಭಾರ, ಬೆಲೆ ಜಾಸ್ತಿ, ರಿಪೇರಿಗೆ ಬಲ್ಲವರೇ ಬೇಕು. ದಿನವೂ ದೂರ ಹೋಗುವವನಿಗೆ ಫೋರ್ ಸ್ಟ್ರೋಕ್ ಕೊಟ್ಟ ಹಣವನ್ನು ಇಂಧನದಲ್ಲೇ ತೀರಿಸಬಹುದು. ವರ್ಷಕ್ಕೆ ನಾಲ್ಕು ತಿಂಗಳು ದಡದ ಹತ್ತಿರವೇ ಬಲೆ ಬೀಸುವವನಿಗೆ ಆ ಲೆಕ್ಕ ಕೂಡುವುದಿಲ್ಲ.

ಅಳಿವೆಯ ಬಾಯಲ್ಲಿ

ಇಷ್ಟೆಲ್ಲ ಲೆಕ್ಕ ಯಾಕೆಂದರೆ ಅಳಿವೆ ಇದೆಯಲ್ಲ! ಪಂಚಗಂಗಾವಳಿ ಕಡಲು ಸೇರುವ ಗಂಗೊಳ್ಳಿ ಅಳಿವೆಯನ್ನೇ ನೋಡಿ. ಅಡಿಯಲ್ಲಿ ಮರಳು, ಮೇಲೆ ಮುರಿಯುವ ಅಲೆ. ಅಲ್ಲಿ ಇಂಜಿನ್ ಒಂದು ನಿಮಿಷ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಮುಂದಿನ ಅಲೆ ಮಗುಚುತ್ತದೆ. ಆಗ ಎಚ್.ಪಿ. ಎಷ್ಟು ಎಂದು ಯಾರೂ ಕೇಳುವುದಿಲ್ಲ. ಎರಡನೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂಬುದೊಂದೇ ಪ್ರಶ್ನೆ.

ಆದ್ದರಿಂದ ಬಿಡಿಭಾಗ ಊರಿನಲ್ಲೇ ಸಿಗುವ, ಬಂದರಿನ ಮೆಕ್ಯಾನಿಕ್ ಕಣ್ಣು ಮುಚ್ಚಿ ಬಿಚ್ಚಬಲ್ಲ ಇಂಜಿನ್ನೇ ಒಳ್ಳೆಯ ಇಂಜಿನ್. ತಂಪು ಮಾಡುವ ನೀರಿನ ಧಾರೆ ಹೊರಗೆ ಚಿಮ್ಮುತ್ತಿದೆಯೇ ಎಂದು ಪ್ರತಿಸಲ ನೋಡಬೇಕು. ಮರಳು ಹೊಕ್ಕು ಪಂಪಿನ ರಬ್ಬರು ಹೋದರೆ ಇಂಜಿನ್ ಸುಟ್ಟಿತು. ದಡಕ್ಕೆ ಬಂದ ಮೇಲೆ ಸಿಹಿನೀರು ಹಾಯಿಸಬೇಕು. ಎರಡು ಪ್ಲಗ್ಗು, ಒಂದು ಸ್ಟಾರ್ಟರ್ ಹಗ್ಗ ದೋಣಿಯಲ್ಲೇ ಇರಲಿ. ತಂಡೇಲ ಬಿದ್ದರೆ ಇಂಜಿನ್ ತಾನಾಗಿ ನಿಲ್ಲುವಂತೆ ಕೈಗೆ ಕಟ್ಟುವ ದಾರ ಡಬ್ಬಿಯಲ್ಲಿ ಮಲಗದೆ ಕೈಯಲ್ಲಿರಲಿ. ಇಂಜಿನ್ ಬಂತೆಂದು ಹುಟ್ಟುಗಳನ್ನು ಮನೆಯ ಅಟ್ಟಕ್ಕೆ ಏರಿಸುವುದಂತೂ ಬೇಡವೇ ಬೇಡ.

ಸಾಲ ಕೊಡುವ ಸಂಘಗಳಿಗೂ ಒಂದು ಮಾತು. ಹಣ ಬಿಡುವ ಮೊದಲು ತುಂಬಿದ ದೋಣಿಯಲ್ಲಿ ಇಂಜಿನ್ನಿನ ಪರೀಕ್ಷೆ ಆಗಲಿ ಎಂದು ಒಂದು ಷರತ್ತು ಹಾಕಿದರೆ ಅಂಗಡಿಯವರೂ ದಾರಿಗೆ ಬರುತ್ತಾರೆ. ಸಬ್ಸಿಡಿ ಕಡತಕ್ಕೆ ಸಹಿ ಹಾಕುವ ಸಾಹೇಬರು ಮಳೆಗಾಲಕ್ಕೆ ಮುಂಚೆ ಒಂದು ದಿನ ಅಳತೆ ಟೇಪು ಹಿಡಿದು ದಡಕ್ಕೆ ಬರಬಾರದೆ? ಟೇಪಿಗೆ ಐವತ್ತು ರೂಪಾಯಿ. ಮಗುಚಿದ ದೋಣಿಗೆ ಪರಿಹಾರ ಎಷ್ಟೆಂದು ಆ ಮನೆಯವರನ್ನು ಕೇಳಬೇಕು.