ಆಟೋ ಲೆವೆಲ್ ಖರೀದಿ: ದುರ್ಬೀನಿನ ಶಕ್ತಿಗಿಂತ ಗೆರೆಯ ಸ್ಥಿರತೆ ಮುಖ್ಯ

ಜಯಲಕ್ಷ್ಮಿಪುರಂನಂತಹ ಹಳೆಯ ಬಡಾವಣೆಗಳಲ್ಲಿ ಹಿಂದಿನ ಮನೆಯನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸುವಾಗ ಗುತ್ತಿಗೆದಾರನಿಗೆ ಎದುರಾಗುವ ಮೊದಲ ಪ್ರಶ್ನೆ ನೆಲಮಟ್ಟದ್ದು. ಪದೇ ಪದೇ ಡಾಂಬರು ಬಿದ್ದಂತೆ ರಸ್ತೆ ಮೇಲೇರುತ್ತದೆ, ನಿವೇಶನ ತಗ್ಗಿನಲ್ಲಿಯೇ ಉಳಿಯುತ್ತದೆ. ಪಾಯದ ಮಟ್ಟವನ್ನಾಗಲಿ ಚರಂಡಿಯ ಇಳಿಜಾರನ್ನಾಗಲಿ ತಪ್ಪಾಗಿ ಗುರುತಿಸಿದರೆ ಮೊದಲ ಮಳೆಗೇ ನೀರು ಹಿಮ್ಮುಖವಾಗಿ ಹರಿಯುತ್ತದೆ. ಅದನ್ನು ಒಡೆದು ಮರಳಿ ಕಟ್ಟುವ ವೆಚ್ಚ ಗುತ್ತಿಗೆದಾರನ ತಲೆಗೇ ಬರುತ್ತದೆ.

ಮೇಸ್ತ್ರಿಗಳು ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ನೋಡುವ ಪದ್ಧತಿ ಒಂದು ಕೋಣೆಯ ಮಟ್ಟಿಗೆ ಸಾಕು. ಐವತ್ತು ಅರವತ್ತು ಮೀಟರ್ ದೂರಕ್ಕೆ ಆಟೋ ಲೆವೆಲ್ ಬೇಕು. ಇದು ಮುಕ್ಕಾಲಿಯ ಮೇಲೆ ನಿಲ್ಲಿಸುವ ಒಂದು ದುರ್ಬೀನು. ಅದರೊಳಗಿನ ಅಡ್ಡಗೆರೆಯು ದೂರದಲ್ಲಿ ಹಿಡಿದ ಅಳತೆಪಟ್ಟಿಯ, ಅಂದರೆ ಸ್ಟಾಫಿನ, ಯಾವ ಅಂಕಿಯನ್ನು ಮುಟ್ಟುತ್ತದೆಯೋ ಅದೇ ಅಳತೆ. ಬಂದೂಕಿನ ಮೇಲೆ ಕೂರಿಸುವ ದುರ್ಬೀನಿನಂತೆ ಇಲ್ಲಿಯೂ ಬೆಲೆ ಬರುವುದು ಗಾಜಿನ ಶಕ್ತಿಗಿಂತ ಹೆಚ್ಚಾಗಿ ಗೆರೆ ತನ್ನ ಸ್ಥಾನವನ್ನು ಕಾಯ್ದುಕೊಳ್ಳುವುದಕ್ಕೆ.

ಎಷ್ಟು ಪಟ್ಟು ಶಕ್ತಿ ಬೇಕು?

ಮಾರುಕಟ್ಟೆಯಲ್ಲಿ 20, 24, 28 ಹಾಗೂ 32 ಪಟ್ಟು ದೊಡ್ಡದಾಗಿ ತೋರಿಸುವ ಉಪಕರಣಗಳು ದೊರೆಯುತ್ತವೆ. ಸಂಖ್ಯೆ ದೊಡ್ಡದಾದಷ್ಟೂ ಉಪಕರಣ ಉತ್ತಮವೆಂಬ ಭಾವನೆ ಸಾಮಾನ್ಯ. ಆದರೆ ಮುಂಭಾಗದ ಮಸೂರದ ವ್ಯಾಸವನ್ನು ಶಕ್ತಿಯಿಂದ ಭಾಗಿಸಿದಾಗ ಬರುವ ಅಳತೆಯಷ್ಟೇ ಅಗಲದ ಬೆಳಕಿನ ಕಂಬ ಕಣ್ಣನ್ನು ತಲುಪುತ್ತದೆ. 36 ಮಿ.ಮೀ. ಮಸೂರಕ್ಕೆ 24 ಪಟ್ಟು ಶಕ್ತಿಯಿದ್ದರೆ ಅದು 1.5 ಮಿ.ಮೀ.; 32 ಪಟ್ಟು ಇದ್ದರೆ ಸುಮಾರು 1.1 ಮಿ.ಮೀ. ಮಾತ್ರ. ಮಸೂರ ಹಿರಿದಾಗದೆ ಶಕ್ತಿ ಮಾತ್ರ ಹೆಚ್ಚಿದರೆ ಸಂಜೆಯ ವೇಳೆಗೆ ಚಿತ್ರ ಮಂಕಾಗುತ್ತದೆ. ಬಿಸಿಲಿನಲ್ಲಿ ನೆಲದ ಕಾವಿನಿಂದ ಉಂಟಾಗುವ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಸಾಮಾನ್ಯ ಕಟ್ಟಡ, ರಸ್ತೆ ಹಾಗೂ ಚರಂಡಿ ಕೆಲಸಕ್ಕೆ 24 ಪಟ್ಟು ಸಾಕು.

ಕೊಳ್ಳುವಾಗ ನೋಡಬೇಕಾದದ್ದು

ಉಪಕರಣದ ಜೀವಾಳ ಅದರೊಳಗಿನ ಕಾಂಪೆನ್ಸೇಟರ್. ಉಪಕರಣ ಸ್ವಲ್ಪ ವಾಲಿದ್ದರೂ ದೃಷ್ಟಿರೇಖೆಯನ್ನು ಸಮತಲಕ್ಕೆ ತರುವ ತೂಗುಭಾಗ ಇದು. ಅಂಗಡಿಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ದೂರದ ಒಂದು ಅಂಕಿಯ ಮೇಲೆ ಗೆರೆ ನಿಲ್ಲಿಸಿ, ಮುಕ್ಕಾಲಿಯನ್ನು ಬೆರಳಿನಿಂದ ಮೃದುವಾಗಿ ತಟ್ಟಬೇಕು. ಗೆರೆ ಅಲುಗಾಡಿ ಮತ್ತೆ ಅದೇ ಅಂಕಿಗೆ ಬಂದು ನಿಲ್ಲಬೇಕು. ಅನಂತರ ದೃಷ್ಟಿಯ ದಿಕ್ಕಿನಲ್ಲಿರುವ ಪಾದದ ತಿರುಪನ್ನು, ಗುಳ್ಳೆ ವೃತ್ತದೊಳಗೇ ಉಳಿಯುವಷ್ಟು, ತುಸು ತಿರುಗಿಸಬೇಕು. ಆಗಲೂ ಅಂಕಿ ಬದಲಾಗಬಾರದು. ಗೆರೆ ಎಲ್ಲಿಯಾದರೂ ಅಂಟಿಕೊಂಡಂತೆ ಕಂಡರೆ ಆ ಉಪಕರಣ ಬೇಡ.

ಮಳೆಗಾಲದ ಕೆಲಸಕ್ಕೆ ನೀರುನಿರೋಧದ ದರ್ಜೆಯನ್ನೂ ಗಮನಿಸಬೇಕು. ಐಪಿಎಕ್ಸ್ 4 ಎಂದರೆ ಸಿಡಿಯುವ ಹನಿಗಳಿಗೆ ಮಾತ್ರ ರಕ್ಷಣೆ. ಐಪಿಎಕ್ಸ್ 6 ರಭಸದ ನೀರಿನ ಧಾರೆಯನ್ನು ತಡೆಯುತ್ತದೆ. ಇದರೊಂದಿಗೆ ಕ್ರಮಸಂಖ್ಯೆ ನಮೂದಿಸಿದ ಬಿಲ್, ಕ್ಯಾಲಿಬ್ರೇಷನ್ ಪ್ರಮಾಣಪತ್ರ ಮತ್ತು ದುರಸ್ತಿ ಎಲ್ಲಿ ದೊರೆಯುತ್ತದೆ ಎಂಬ ಲಿಖಿತ ಮಾಹಿತಿಯನ್ನು ಪಡೆಯುವುದು ಅಗತ್ಯ.

ಎರಡು ಗೂಟದ ಪರೀಕ್ಷೆ

ಕೊಂಡ ದಿನದ ನಿಖರತೆ ಮುಂದೆಯೂ ಉಳಿದಿದೆಯೇ ಎಂದು ತಿಳಿಯಲು ಹಣ ಬೇಕಿಲ್ಲ, ಅರ್ಧ ಗಂಟೆ ಸಾಕು. 60 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆದು, ಉಪಕರಣವನ್ನು ನಟ್ಟನಡುವೆ ನಿಲ್ಲಿಸಿ ಎರಡೂ ಕಡೆ ಓದಬೇಕು. ಒಂದನೆಯದು 1.420 ಮೀಟರ್, ಎರಡನೆಯದು 1.235 ಮೀಟರ್ ಇದ್ದರೆ ವ್ಯತ್ಯಾಸ 0.185 ಮೀಟರ್. ದೂರ ಸಮವಾಗಿರುವುದರಿಂದ ಗೆರೆಯ ದೋಷ ಎರಡೂ ಕಡೆ ಸಮನಾಗಿ ಕಳೆದುಹೋಗಿ ಈ ವ್ಯತ್ಯಾಸ ನಿಜವಾದದ್ದೇ ಆಗಿರುತ್ತದೆ. ಬಳಿಕ ಉಪಕರಣವನ್ನು ಮೊದಲ ಗೂಟದಿಂದ ಎರಡು ಮೂರು ಮೀಟರ್ ದೂರಕ್ಕೆ ತಂದು ಮತ್ತೆ ಓದಬೇಕು. ಹತ್ತಿರದ್ದು 1.510 ಆದರೆ ದೂರದ್ದು 1.325 ಇರಬೇಕು. ಅದು 1.331 ಎಂದು ತೋರಿಸಿದರೆ ಗೆರೆ 6 ಮಿ.ಮೀ. ಮೇಲೆ ನೋಡುತ್ತಿದೆ ಎಂದರ್ಥ. ಸಾಮಾನ್ಯ ಕೆಲಸದಲ್ಲಿಯೂ ಈ ದೂರಕ್ಕೆ 3 ಮಿ.ಮೀ. ಮೀರಿದರೆ ಉಪಕರಣವನ್ನು ಸರಿಪಡಿಸಿಕೊಳ್ಳುವುದು ಲೇಸು.

ಕೆಳಗೆ ಬಿದ್ದ ಉಪಕರಣದಲ್ಲಿ ದೋಷ ಇದಕ್ಕಿಂತ ಬಹಳ ಹೆಚ್ಚಾಗಬಹುದು. 500ಕ್ಕೆ 1ರಂತೆ ಇಳಿಜಾರಿರುವ ಚರಂಡಿ 60 ಮೀಟರಿನಲ್ಲಿ ಇಳಿಯುವುದು 120 ಮಿ.ಮೀ. ಮಾತ್ರ. ಗೆರೆಯ ದೋಷ 30 ಮಿ.ಮೀ. ಆದರೆ ಇಳಿಜಾರಿನ ಕಾಲುಭಾಗವೇ ಮಾಯವಾಗುತ್ತದೆ.

ಅತ್ಯುತ್ತಮ ಉಪಕರಣವೂ ಇದಕ್ಕೆ ಹೊರತಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಯ ಮೋಜಣಿಯಿಂದ ಆರಂಭಿಸಿ, ಭಾರತದ ಮಹಾ ತ್ರಿಕೋನಮಿತಿ ಮೋಜಣಿಗೆ ತಳಹದಿ ಹಾಕಿದ ವಿಲಿಯಂ ಲ್ಯಾಂಬ್ಟನ್ ಅವರ ಅರ್ಧ ಟನ್ ತೂಕದ ಥಿಯೋಡೊಲೈಟ್ 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಹಾನಿಗೊಂಡಿತು. ಅವರು ವಾರಗಟ್ಟಲೆ ಕುಳಿತು ಅದನ್ನು ಸ್ವತಃ ಸರಿಪಡಿಸಿ, ಆ ನಂತರವೇ ಅಳತೆ ಮುಂದುವರಿಸಿದರು.

ಲೆಕ್ಕದ ದೃಷ್ಟಿ

ತೆರಿಗೆ ಹೊರತುಪಡಿಸಿ 12,000 ರೂ. ಬೆಲೆಯ ಉಪಕರಣ ಎರಡು ವರ್ಷ, 24,000 ರೂ. ಬೆಲೆಯದು ಆರು ವರ್ಷ ಬಾಳಿಕೆ ಬರುತ್ತದೆ. ಎರಡನೆಯದರ ವಾರ್ಷಿಕ ತಪಾಸಣೆಗೆ 1,000 ರೂ. ತಗಲುತ್ತದೆ ಎಂದು ಉದಾಹರಣೆಗೆ ಭಾವಿಸೋಣ. ಮೊದಲನೆಯದರ ವರ್ಷದ ವೆಚ್ಚ 6,000 ರೂ., ಎರಡನೆಯದರದ್ದು 5,000 ರೂ. ಶೇ. 18ರ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆ ಪಡೆಯುವ ಕಾಮಗಾರಿ ಗುತ್ತಿಗೆದಾರನಿಗೆ ಈ ಲೆಕ್ಕ ಅನ್ವಯಿಸುತ್ತದೆ. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶೇ. 1 ಅಥವಾ ಶೇ. 5ರ ದರದಲ್ಲಿ ವಸತಿ ಸಮುಚ್ಚಯ ಮಾರುವ ಬಿಲ್ಡರನಿಗೆ ಈ ಜಮೆ ಇಲ್ಲ. ಆತನಿಗೆ ವರ್ಷದ ವೆಚ್ಚ ಕ್ರಮವಾಗಿ 7,080 ರೂ. ಮತ್ತು 5,900 ರೂ. ಆಗುತ್ತದೆ.

ಆದಾಯ ತೆರಿಗೆಯಲ್ಲಿ ಇಂತಹ ಉಪಕರಣಕ್ಕೆ ಶೇ. 15ರ ಸವಕಳಿ ದೊರೆಯುತ್ತದೆ. ಕೊಂಡ ವರ್ಷ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಅದರ ಅರ್ಧ ಮಾತ್ರ. ಜಿಎಸ್‌ಟಿ ಜಮೆ ಪಡೆದ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಅಂದಾಜು ಆದಾಯ ಪದ್ಧತಿಯನ್ನು ಆಯ್ದುಕೊಂಡವರಿಗೆ ಪ್ರತ್ಯೇಕ ಸವಕಳಿ ಇಲ್ಲ.

ಅಗ್ಗದ ಉಪಕರಣ ಎಂದರೆ ಕಡಿಮೆ ಬೆಲೆಯದಲ್ಲ. ವರ್ಷದ ವೆಚ್ಚ ಕಡಿಮೆ ಇರುವುದು. ಅದು ಯಾವ ಬೆಲೆಯದ್ದೇ ಇರಲಿ, ತಿಂಗಳಿಗೊಮ್ಮೆ ಹಾಗೂ ಪ್ರತಿ ಬಾರಿ ಕೆಳಗೆ ಬಿದ್ದ ನಂತರ ಎರಡು ಗೂಟದ ಪರೀಕ್ಷೆ ನಡೆಸಿ, ದಿನಾಂಕ ಸಹಿತ ಫಲಿತಾಂಶವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಕಾಮಗಾರಿಯ ಮಟ್ಟದ ಬಗ್ಗೆ ವಿವಾದ ಎದ್ದಾಗ ಗುತ್ತಿಗೆದಾರನ ಪರವಾಗಿ ನಿಲ್ಲುವ ದಾಖಲೆಯೂ ಅದೇ.